ಪುಸ್ತಕದಲ್ಲಿಲ್ಲದ ಆಡು

ದೇವರು ಕೆಲವು ಮನೆಗಳಿಗೆ ಕೊಡುವಾಗ ಎಲ್ಲವನ್ನೂ ಒಬ್ಬರ ತಟ್ಟೆಗೇ ಬಡಿಸಿಬಿಡುತ್ತಾನೆ. ಈ ಅಕ್ಕ ತಮ್ಮನ ವಿಷಯದಲ್ಲಿ ಹಾಗಾಗಿತ್ತು. ಮಾತೆಲ್ಲ ಅಕ್ಕನ ಪಾಲಿಗೆ ಹೋಗಿ, ತಮ್ಮನಿಗೆ ಮಾತಿನ ನಡುವೆ ಬರುವ ನಿಲುಗಡೆಗಳು ಮಾತ್ರ ಉಳಿದಿದ್ದವು. ಅವನೇನೂ ದೂರಲಿಲ್ಲ; ಆ ನಿಲುಗಡೆಗಳನ್ನೇ ಕಸುಬು ಮಾಡಿಕೊಂಡ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ, ಬೇರೆಯವರು ಬರೆದ ವಾಕ್ಯಗಳಲ್ಲಿ ಎಲ್ಲಿ ಉಸಿರೆಳೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತ ಮೂವತ್ತು ವರ್ಷ ಕಳೆದ. ಅಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದೆದುರಿಗೇ ಅನ್ನತೊಡಗಿದರು. ಕೊನೆಗೆ ಸಂಬಳದ ಲಕೋಟೆಯ ಮೇಲೂ ಯಾರೋ ಹಾಗೆಯೇ ಬರೆದರು. ಅವನು ಅದನ್ನೂ ಸಹಿ ಹಾಕಿ ತೆಗೆದುಕೊಂಡ.

ಅಕ್ಕನದು ಬೀದಿಯ ಮೂಲೆಯಲ್ಲಿ ಗುಂಡಿ, ದಾರ, ಸೂಜಿ, ಲೇಸುಗಳ ಅಂಗಡಿ. ಭಾವ ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಹರಿದ ಅಂಗಿಗೆ ಒಂದೇ ಒಂದು ಗುಂಡಿ ಹುಡುಕಿಕೊಂಡು ಬಂದವರು ಹೊರಡುವಾಗ ಆರು ಗುಂಡಿ, ಎರಡು ಉಂಡೆ ದಾರ ಮತ್ತು ಎದುರು ಮನೆಯವರ ಸೊಸೆಯ ಪೂರ್ತಿ ಕಥೆಯನ್ನು ಕೊಂಡೊಯ್ಯುತ್ತಿದ್ದರು. ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರ ವಾಸ. ತಮ್ಮ ಮದುವೆಯಾಗಿರಲಿಲ್ಲ. ಯಾರಾದರೂ ಕೇಳಿದರೆ, ಹುಡುಗಿ ನೋಡೋಕೆ ಕರ್ಕೊಂಡು ಹೋದ್ರೆ ಅವರ ಮನೆ ಗೋಡೆ ಮೇಲಿನ ಕ್ಯಾಲೆಂಡರಿನ ತಪ್ಪು ಹುಡುಕ್ತಾ ಕೂರ್ತಿದ್ದ ಎಂದು ಅಕ್ಕ ಹೇಳುತ್ತಿದ್ದಳು. ಅದು ಒಂದು ಸಲ ಮಾತ್ರ ಆದದ್ದು. ಆದರೆ ಆ ಕ್ಯಾಲೆಂಡರಿನಲ್ಲಿ ತಪ್ಪು ಇದ್ದದ್ದಂತೂ ನಿಜ.

ಇಂಥವನು ಐವತ್ತೈದು ದಾಟಿದ ಮೇಲೆ ಒಂದು ಪುಸ್ತಕ ಬರೆದ. ಬೆಳಗಿನ ಜಾವ ಎದ್ದು ಕಿಟಕಿಯ ಕಡೆ ಮುಖ ಮಾಡಿ ಕೈ ಮುಗಿದು ಕೂರುವುದು ಅವನ ಬಹಳ ಹಳೆಯ ಅಭ್ಯಾಸ. ಏನನ್ನೂ ಬೇಡುತ್ತಿರಲಿಲ್ಲ, ಸುಮ್ಮನೆ ಕೂರುತ್ತಿದ್ದ. ಹಾಗೆ ಕೂತ ಮೇಲೆ ಮನಸ್ಸಿಗೆ ಬಂದದ್ದನ್ನು ಬರೆದಿಡುತ್ತಿದ್ದ. ಬಾರದ ದಿನ ಪೆನ್ಸಿಲ್ ಕೆತ್ತಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ಮೂರು ವರ್ಷದಲ್ಲಿ ನೂರಿಪ್ಪತ್ತು ಪುಟಗಳಾದವು. ಕಥೆ ಇಷ್ಟೇ: ಹಳೆಯ ಸೇತುವೆಯೊಂದಿದೆ. ಪಕ್ಕದಲ್ಲಿ ಹೊಸ ಸೇತುವೆಯಾದ ಮೇಲೆ ಅದರ ಮೇಲೆ ಯಾರೂ ಓಡಾಡುವುದಿಲ್ಲ. ಆದರೂ ಅದರ ಕಾವಲುಗಾರ ಸಂಜೆಯಾದರೆ ದೀಪ ಹಚ್ಚುತ್ತಾನೆ. ಅವನಿಗೂ ಅವನ ತಮ್ಮನಿಗೂ ಮಾತು ಬಿಟ್ಟು ಇಪ್ಪತ್ತು ವರ್ಷ. ಕೊನೆಯ ಪುಟದಲ್ಲಿ ಆ ತಮ್ಮ ಬಂದು ಸೇತುವೆಯ ಆಚೆ ತುದಿಯಲ್ಲಿ ನಿಲ್ಲುತ್ತಾನೆ. ಈಚೆ ತುದಿಯಲ್ಲಿ ಅಣ್ಣ. ಇಬ್ಬರೂ ನೋಡುತ್ತಾರೆ. ಅಷ್ಟೆ, ಪುಸ್ತಕ ಮುಗಿಯುತ್ತದೆ.

ಆ ಕೊನೆಯ ಪುಟ ಅವನಿಗೆ ಒಂದೇ ಬೆಳಗಿನಲ್ಲಿ, ಒಂದೂ ಕಾಟು ಹೊಡೆಯದೆ ಬಂದಿತ್ತು. ಮೂವತ್ತು ವರ್ಷದಲ್ಲಿ ಅವನು ಕೆಂಪು ಶಾಯಿ ಮುಟ್ಟಿಸದೆ ಬಿಟ್ಟ ಪುಟ ಅದೊಂದೇ. ಅದನ್ನು ತಾನು ಬರೆದದ್ದಲ್ಲ, ತನಗೆ ಕೊಟ್ಟದ್ದು ಎಂದು ಅವನು ಒಳಗೊಳಗೇ ನಂಬಿದ್ದ. ಹಾಗೆ ಬಾಯಿಬಿಟ್ಟು ಹೇಳುವಷ್ಟು ದಡ್ಡನಾಗಿರಲಿಲ್ಲ.

ಮುದ್ರಣಾಲಯದ ಯಜಮಾನರೇ ಪುಸ್ತಕಗಳನ್ನೂ ಪ್ರಕಟಿಸುತ್ತಿದ್ದರು. ಹಸ್ತಪ್ರತಿಯನ್ನು ಅವರ ಮೇಜಿನ ಮೇಲಿಟ್ಟ. ಅವರು ಓದಿ, ಭಾಷೆ ಶುದ್ಧವಾಗಿದೆ ಎಂದರು. ಕರಡು ತಿದ್ದುವವನಿಗೆ ಹಾಗೆ ಹೇಳುವುದು ಅಗಸನಿಗೆ ನಿಮ್ಮ ಅಂಗಿ ಬೆಳ್ಳಗಿದೆ ಅಂದ ಹಾಗೆ. ಆಮೇಲೆ, ಕಾವಲುಗಾರನಿಗೆ ಒಂದು ಮದುವೆ ಮಾಡಿಸಿದರೆ ಅಚ್ಚು ಹಾಕಬಹುದು ಎಂದರು. ಅವನು ಹಸ್ತಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಬಂದು, ಕೂಡಿಟ್ಟಿದ್ದನ್ನು ಖರ್ಚು ಮಾಡಿ ತಾನೇ ಮುನ್ನೂರು ಪ್ರತಿ ಅಚ್ಚು ಹಾಕಿಸಿದ. ಪುಸ್ತಕದ ಅಂಗಡಿಯವರು ತಲಾ ಎರಡು ಪ್ರತಿ ಇಟ್ಟುಕೊಂಡು, ಮೂರು ತಿಂಗಳ ಮೇಲೆ ಅದೇ ಎರಡನ್ನು ಧೂಳಿನ ಸಮೇತ ಹಿಂದಿರುಗಿಸಿದರು. ಕೊಳ್ಳಿ ಎಂದು ಅವನಿಗೆ ಕೇಳಿ ಗೊತ್ತಿಲ್ಲ, ಕೂಗಿ ಗೊತ್ತಿಲ್ಲ. ಯಾರಾದರೂ ಏನು ಬರೆದಿದ್ದೀರಿ ಎಂದರೆ, ಸಣ್ಣದು, ಸೇತುವೆ ಬಗ್ಗೆ ಎನ್ನುತ್ತಿದ್ದ. ಕೇಳಿದವರು ಅವನು ಇಂಜಿನಿಯರ್ ಇರಬೇಕೆಂದುಕೊಂಡು ಸುಮ್ಮನಾಗುತ್ತಿದ್ದರು.

ಕಟ್ಟುಗಳೆಲ್ಲ ಬಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತವು. ಅಕ್ಕ ಗುಂಡಿಯ ಡಬ್ಬಿ ತೆಗೆಯಲು ಹೋದಾಗಲೆಲ್ಲ ಎಡವುತ್ತಿದ್ದಳು. ಒಂದು ದಿನ ಎಡವಿದವಳು ಕಟ್ಟು ಬಿಚ್ಚಿ, ಹತ್ತು ಪ್ರತಿ ತಂದು ಲೇಸಿನ ಸುರುಳಿಗಳ ಪಕ್ಕದಲ್ಲಿ ಜೋಡಿಸಿದಳು.

"ಇಲ್ಲಿ ದಾರ ತಗೊಳ್ಳೋಕೆ ಬರ್ತಾರೆ ಅಕ್ಕ, ಓದೋಕಲ್ಲ" ಅಂದ ಅವನು.

"ದಾರ ತಗೊಳ್ಳೋಕೂ ಬರಲ್ಲ ಕಣೋ, ಮಾತಾಡೋಕೆ ಬರ್ತಾರೆ. ದಾರ ನೆಪ. ನೀನು ಕೆಲಸಕ್ಕೆ ಹೋಗು."

ಅವನು ಕೆಲಸಕ್ಕೆ ಹೋದ. ವಾರ ಕಳೆಯುವಷ್ಟರಲ್ಲಿ ಹತ್ತೂ ಖರ್ಚಾದವು. ಮತ್ತೊಂದು ಕಟ್ಟು ಬಿಚ್ಚಬೇಕಾಯಿತು, ಅದೂ ಖಾಲಿಯಾಗಿ ಇನ್ನೊಂದನ್ನು ಬಿಚ್ಚಿದರು. ಮಧ್ಯಾಹ್ನ ಊಟಕ್ಕೆ ಬಂದಾಗ ಅಂಗಡಿಯಲ್ಲಿ ನಾಲ್ಕೈದು ಜನ ಹೆಂಗಸರು, ಒಬ್ಬ ದರ್ಜಿ, ಒಬ್ಬ ಅಂಚೆಯವನು ನಿಂತಿರುತ್ತಿದ್ದರು. ಇವನ ಕಾಲ ಸಪ್ಪಳ ಕೇಳಿದೊಡನೆ ಅಕ್ಕ ಮಾತು ನಿಲ್ಲಿಸುತ್ತಿದ್ದಳು. ಕಥೆಯನ್ನು ಅರ್ಧ ಹೇಳುತ್ತೇನೆ, ಉಳಿದದ್ದಕ್ಕೆ ಪುಸ್ತಕ ತಗೊಂಡು ಹೋಗುತ್ತಾರೆ, ಬರೆದವನ ಎದುರಿಗೆ ಹೇಳಲು ನಾಚಿಕೆ ಎಂದು ಅವಳ ವಿವರಣೆ. ಹುಟ್ಟಿದಾಗಿನಿಂದ ಅಕ್ಕ ಯಾವುದಕ್ಕಾದರೂ ನಾಚಿದ್ದನ್ನು ಅವನು ಕಂಡಿರಲಿಲ್ಲ. ಆದರೂ ನಂಬಿದ. ಪುಸ್ತಕ ಖರ್ಚಾಗುವಾಗ ಬರೆದವನು ಎಂಥದನ್ನೂ ನಂಬುತ್ತಾನೆ.

ನಂಬಿಕೆ ಮುರಿದವರು ಒಬ್ಬ ನಿವೃತ್ತ ದಾದಿ. ರಜೆಯ ದಿನ ಅಕ್ಕ ಸರಕು ತರಲು ಹೋಗಿದ್ದಳು, ಅವನು ಅಂಗಡಿಯಲ್ಲಿ ಕೂತಿದ್ದ. ದಾದಿ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, ಇದರಲ್ಲಿ ಪುಟಗಳು ಬಿಟ್ಟುಹೋಗಿವೆ, ಬೇರೆ ಪ್ರತಿ ಕೊಡಿ ಎಂದರು. ಒಂದು ಹಾಳೆ ತಪ್ಪಿ ಹೋದರೂ ಅದು ಅವನ ಕಸುಬಿಗೇ ಅವಮಾನ. ಒಂದರಿಂದ ನೂರಿಪ್ಪತ್ತರವರೆಗೆ ಬೆರಳು ಒದ್ದೆ ಮಾಡಿಕೊಂಡು ಎಣಿಸಿದ. ಎಲ್ಲ ಇದ್ದವು.

"ಮತ್ತೆ ಆಡು ಎಲ್ಲಿ?" ಅಂದರು ದಾದಿ.

ಯಾವ ಆಡು ಎಂದು ಅವನು ಕೇಳಿದ. ಕಾವಲುಗಾರನ ಆಡು, ಕುಂಟುವ ಆಡು ಎಂದರು. ಅಂಗಡಿಯಮ್ಮ ಎಷ್ಟು ಚೆನ್ನಾಗಿ ಹೇಳಿದ್ದರು, ಆ ಆಡೇ ಅಲ್ಲವೇ ಕೊನೆಗೆ ಸೇತುವೆ ದಾಟಿ ಹೋಗಿ ತಮ್ಮನನ್ನು ಕರೆದುಕೊಂಡು ಬರುವುದು? ಅದರ ಕಾಲು ವಾಸಿಯಾಯಿತೋ ಇಲ್ಲವೋ ತಿಳಿಯಬೇಕೆಂದೇ ತಾವು ಪುಸ್ತಕ ಕೊಂಡದ್ದು. ಮೂವತ್ತೆರಡು ವರ್ಷ ಜನರ ಗಾಯ ಕಟ್ಟಿದವರು ಅವರು. ಕಾಲನ್ನು ಅರ್ಧಕ್ಕೆ ಬಿಡುವವರಲ್ಲ.

"ಮೈಲುತುತ್ತದ ನೀರಲ್ಲಿ ಗೊರಸು ಅದ್ದಿ, ಆಮೇಲೆ ಒಣ ನೆಲದ ಮೇಲೆ ಒಂದು ಗಂಟೆ ನಿಲ್ಲಿಸ್ತಾನೆ ಅಂದ್ರಲ್ಲ?"

ಅವನು ಕಣ್ಣು ಮುಚ್ಚಿದ. ಆ ವಾಕ್ಯ ಅವನಿಗೆ ಗೊತ್ತಿತ್ತು. ಅದರಲ್ಲಿ 'ಅದ್ದಿ' ಆದ ಮೇಲೆ ಅಲ್ಪವಿರಾಮ ಹಾಕಿದವನು ಅವನೇ.

ಕರಡು ತಿದ್ದುವವರು ಜೋರಾಗಿ ಓದುತ್ತಾರೆ. ಕಣ್ಣಿಗೆ ಬೀಳದ ತಪ್ಪು ಕಿವಿಗೆ ಬೀಳುತ್ತದೆ. ಹಾಗೆ ಓದುವಾಗ ರಾಗ ಇರುವುದಿಲ್ಲ, ಭಾವ ಇರುವುದಿಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಸಾಲು ಎಂದು ಗುರುತುಗಳನ್ನೂ ಸೇರಿಸಿ ಒಂದೇ ಧಾಟಿಯಲ್ಲಿ ಹೇಳಿಕೊಂಡು ಹೋಗಬೇಕು. ತನ್ನ ಪುಸ್ತಕದ ಕರಡನ್ನು ಅವನು ಸಂಜೆಗಳಲ್ಲಿ ಅಕ್ಕನ ಎದುರು ಕೂತು ಹೀಗೆ ಓದಿದ್ದ. ಅವಳು ಬಣ್ಣ ಬಣ್ಣದ ಗುಂಡಿಗಳನ್ನು ಬೇರೆ ಮಾಡುತ್ತ ಕೇಳಿದ್ದಳು. ಅದೇ ಸಂಜೆಗಳಲ್ಲಿ, ಮುದ್ರಣಾಲಯದಿಂದ ತಂದ ಅವಸರದ ಕೆಲಸವೊಂದನ್ನೂ ಅಲ್ಲೇ ಕೂತು ಓದಿ ಮುಗಿಸಿದ್ದ. ಅದು ಆಡು ಸಾಕಾಣಿಕೆಯ ಕೈಪಿಡಿ. ಒಂದು ಗಂಟೆ ಸೇತುವೆ ಓದಿದರೆ ಒಂದು ಗಂಟೆ ಆಡು. ಧ್ವನಿ ಎರಡಕ್ಕೂ ಒಂದೇ.

ಅಕ್ಕನ ತಲೆಯಲ್ಲಿ ಆಡು ಸದ್ದಿಲ್ಲದೆ ಕೈಪಿಡಿಯಿಂದ ಹೊರಬಿದ್ದು ಸೇತುವೆ ಹತ್ತಿತ್ತು.

ಅವಳು ಬಂದ ಮೇಲೆ ಕೇಳಿದ. ಅವಳು ಒಪ್ಪಲೇ ಇಲ್ಲ. ನೀನೇ ಓದಿದ್ದು, ನನ್ನ ಕಿವಿಯಾರೆ ಕೇಳಿದ್ದೇನೆ ಎಂದಳು. ಅವನು ಕೈಪಿಡಿ ತಂದು ಏಳನೇ ಅಧ್ಯಾಯ ತೆರೆದು ತೋರಿಸಿದ. ಅವಳು ಕನ್ನಡಕ ಏರಿಸಿ ನಿಧಾನವಾಗಿ ಓದಿದಳು, ಪುಸ್ತಕ ಮುಚ್ಚಿದಳು.

"ಅದಕ್ಕೇ ಅನ್ಕೊಂಡೆ," ಅಂದಳು, "ನೀನು ಬರೆದದ್ದರಲ್ಲಿ ಅಷ್ಟು ಭಾಗ ಮಾತ್ರ ಯಾಕೆ ಅಷ್ಟು ಚೆನ್ನಾಗಿದೆ ಅಂತ."

ಅವನು ಇದನ್ನು ಹೊಟ್ಟೆಗೆ ಹಾಕಿಕೊಳ್ಳುವಷ್ಟರಲ್ಲಿ ಸುದ್ದಿ ಯಜಮಾನರ ಕಿವಿಗೆ ಬಿದ್ದಿತ್ತು. ಅವರ ಹೆಂಡತಿಯೂ ಗುಂಡಿ ಕೊಳ್ಳಲು ಬರುತ್ತಿದ್ದರು. ಒಂದು ಸೋಮವಾರ ಯಜಮಾನರು ಅವನನ್ನು ಒಳಗೆ ಕರೆದು, ಎಂದೂ ಹೇಳದವರು ಕೂರಲು ಹೇಳಿದರು. ಮೇಜಿನ ಮೇಲೆ ಒಂದು ಮುಖಪುಟದ ಚಿತ್ರ ಇತ್ತು. ಹಳೆಯ ಸೇತುವೆ, ಮುಳುಗುವ ಸೂರ್ಯ, ನಟ್ಟನಡುವೆ ಕುತ್ತಿಗೆಗೆ ಗಂಟೆ ಕಟ್ಟಿಕೊಂಡ ಒಂದು ಆಡು. ಕಲಾವಿದ ಆಡಿನ ಕಣ್ಣಲ್ಲಿ ನೀರು ಕೂಡ ತರಿಸಿದ್ದ. ಎರಡು ಸಾವಿರ ಪ್ರತಿ ಹಾಕುತ್ತೇನೆ, ನನ್ನ ಪ್ರಕಾಶನದ ಹೆಸರಿನಲ್ಲಿ, ಊರೂರಿನ ಅಂಗಡಿಗೆ ಕಳಿಸುತ್ತೇನೆ ಎಂದರು ಯಜಮಾನರು. ಮದುವೆಯ ಮಾತು ಬಿಟ್ಟುಬಿಡೋಣ. ಆಡನ್ನು ಸೇರಿಸಿ, ಕೊನೆಯಲ್ಲಿ ಅದು ತಮ್ಮನನ್ನು ಕರೆತರಲಿ. ಮುಂದಿನ ಸೋಮವಾರದೊಳಗೆ ಕೊಟ್ಟರೆ ಸಾಕು.

ಅವನು ಬಹಳ ಹೊತ್ತು ಚಿತ್ರ ನೋಡಿದ. ಆಡಿನ ಕೆಳಗೆ ಅವನ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಅಡ್ಡಹೆಸರಲ್ಲ, ಹೆತ್ತವರು ಇಟ್ಟ ಹೆಸರು. ಮೂವತ್ತು ವರ್ಷ ಆ ಪ್ರಕಾಶನದ ಪುಸ್ತಕಗಳ ಬೆನ್ನಿನ ಮೇಲೆ ಬೇರೆಯವರ ಹೆಸರಿನ ಕಾಗುಣಿತ ನೋಡಿದವನು ಅವನು. ತನ್ನದನ್ನು ಅಲ್ಲಿ ಒಂದು ಸಲ ನೋಡಬೇಕೆಂಬ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವನು ದೇವರ ಮುಂದೆ ಕೂರುವ ಮನುಷ್ಯ, ಸುಳ್ಳು ಹೇಳಿಕೊಳ್ಳಲಿಲ್ಲ. ಬರೆಯುತ್ತೇನೆ ಎಂದು ಹೇಳಿಯೇ ಬಂದ.

ಆರು ದಿನ ಬೆಳಗಿನ ಜಾವ ಆಡಿಗೆಂದು ಕೂತ. ಮೊದಲ ದಿನವೇ ಅದು ಬಂತು. ಅವನಿಗೇ ಆಶ್ಚರ್ಯವಾಗುವಂತೆ ಒಳ್ಳೆಯ ಆಡೇ ಬಂತು. ಕಾವಲುಗಾರನ ಚೀಲ ಮೂಸಿತು, ದೀಪದ ಬತ್ತಿ ತಿಂದಿತು, ರೋಗ ಬಂದ ಗೊರಸನ್ನು ಅವನ ತೊಡೆಯ ಮೇಲಿಟ್ಟು ಮುಖ ತಿರುಗಿಸಿಕೊಂಡಿತು. ಬರೆಯುತ್ತ ಒಂದೆರಡು ಕಡೆ ಅವನಿಗೆ ನಗು ಬಂತು. ಬಾಗಿಲ ಸಂದಿಯಿಂದ ಅಕ್ಕ ನೋಡಿದಳು. ಬರೆಯುವಾಗ ತಮ್ಮ ನಕ್ಕದ್ದನ್ನು ಅವಳು ಆವರೆಗೆ ಕಂಡಿರಲಿಲ್ಲ. ಆ ದಿನ ಅವಳು ಎಲ್ಲರಿಗೂ ಎರಡೆರಡು ಗುಂಡಿ ಹೆಚ್ಚಿಗೆ ಕೊಟ್ಟಳು.

ಆರನೆಯ ದಿನ ಕೊನೆಯ ಪುಟಕ್ಕೆ ಬಂದ. ಈಚೆ ಅಣ್ಣ, ಆಚೆ ತಮ್ಮ, ನಡುವೆ ಆಡು. ಅದು ನಿಂತಲ್ಲಿ ನಿಲ್ಲಲಿಲ್ಲ. ಟಕಟಕ ಎಂದು ಆಚೆ ಹೋಯಿತು, ತಮ್ಮನ ಅಂಗಿಯ ಚುಂಗು ಕಚ್ಚಿ ಎಳೆದುಕೊಂಡು ಬಂತು, ಇಬ್ಬರೂ ತಬ್ಬಿಕೊಂಡರು. ಎಲ್ಲ ಸರಿಯಾಗಿತ್ತು, ಒಂದು ಅಕ್ಷರದ ತಪ್ಪಿಲ್ಲ. ಓದಿ ನೋಡಿದ. ಮತ್ತೊಮ್ಮೆ ಓದಿ ನೋಡಿದ. ಇಪ್ಪತ್ತು ವರ್ಷದ ಸಿಟ್ಟು ದಾಟಿ ಹೋಗುವ ಕಷ್ಟವನ್ನು ಆ ಇಬ್ಬರಲ್ಲಿ ಒಬ್ಬನಾದರೂ ಪಡಬೇಕಿತ್ತು. ಈಗ ಅದನ್ನು ಆಡು ಪಟ್ಟುಬಿಟ್ಟಿತ್ತು. ಅಣ್ಣ ತಮ್ಮ ಇಬ್ಬರೂ ಕೈ ಕಟ್ಟಿ ನಿಂತು, ಪ್ರಾಣಿಯೊಂದರ ಕೈಲಿ ತಮ್ಮ ಕೆಲಸ ಮಾಡಿಸಿಕೊಂಡಿದ್ದರು.

ಅವನು ಹಾಳೆಗಳನ್ನು ಮಡಿಸಿ, ಕಿಟಕಿಯ ಕಡೆ ತಿರುಗಿ ಕೂತ. ಅಂದು ಅಕ್ಕ ಎರಡು ಸಲ ಕರೆದ ಮೇಲೆ ಎದ್ದ.

ಸೋಮವಾರ ಯಜಮಾನರಿಗೆ ಹೇಳಿದ, ಆಡು ಬರುವುದಿಲ್ಲ ಎಂದು. ಅವರು ಒಳ್ಳೆಯ ಮನುಷ್ಯರು, ಸಿಟ್ಟಾಗಲಿಲ್ಲ; ನೊಂದರು. ಎಷ್ಟು ಜನ ಕೇಳಿದ್ದಾರೆ, ಓದುವವರ ಮಾತಿಗೆ ಬೆಲೆ ಇಲ್ಲವೇ ಎಂದರು. ಬೆಲೆ ಇದೆ, ಅದಕ್ಕೇ ಆರು ದಿನ ಬರೆದು ನೋಡಿದೆ ಎಂದ ಅವನು.

"ಮೂವತ್ತು ವರ್ಷ ಊರವರ ಪುಸ್ತಕ ಎಲ್ಲಾ ತಿದ್ದಿದ್ರಿ. ನಿಮ್ಮದನ್ನ ಒಂದು ಪುಟ ತಿದ್ದಿ ಅಂದ್ರೆ ಇಷ್ಟು ನೋವಾ?"

"ತಪ್ಪು ತಿದ್ದಿದೀನಿ ಯಜಮಾನರೇ. ಇದು ತಪ್ಪಲ್ಲ."

ಅವನು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಆ ಕೋಣೆಯ ಗೋಡೆಗಳು ಕೇಳಿರಲಿಲ್ಲ. ಯಜಮಾನರು ಮುಖಪುಟದ ಚಿತ್ರವನ್ನು ನೋಡುತ್ತ, ಕಲಾವಿದನಿಗೆ ಕೊಟ್ಟದ್ದು ದಂಡವಾಯಿತಲ್ಲ ಎಂದು ಮರುಗಿದರು. ಕೈಪಿಡಿಯ ಎರಡನೇ ಮುದ್ರಣಕ್ಕೆ ಹಾಕಬಹುದು ಎಂದು ಅವನೇ ಸೂಚಿಸಿದ. ಹಾಗೆಯೇ ಮಾಡಿದರು. ಕೈಪಿಡಿ ಚೆನ್ನಾಗಿಯೇ ಹೋಯಿತು. ಕೊಂಡವರಲ್ಲಿ ಇಬ್ಬರು ಮೂವರು ಮಾತ್ರ ಕಾಗದ ಬರೆದು, ಸೇತುವೆಯ ಬಗ್ಗೆ ಒಳಗೆ ಏನೂ ಇಲ್ಲವಲ್ಲ ಎಂದು ಕೇಳಿದರಂತೆ.

ಅಕ್ಕನಿಗೆ ಹೇಳುವುದು ಯಜಮಾನರಿಗೆ ಹೇಳಿದಷ್ಟು ಸುಲಭವಿರಲಿಲ್ಲ. ಕೇಳಿದವಳು ಮಾತು ಬಿಟ್ಟಳು. ಅವಳು ಮಾತು ಬಿಡುವುದು ಎಂದರೆ ದಿನಕ್ಕೆ ನೂರು ಮಾತಷ್ಟೇ ಆಡುವುದು, ಅದೂ ಡಬ್ಬಿಗಳ ಜೊತೆ. ನೋಡಿದ್ಯಾ, ನಾವು ಮಾರಿದ್ದು ಬೇಕು, ನಮ್ಮ ಆಡು ಬೇಡ ಎಂದು ಬಿಳಿ ಗುಂಡಿಯ ಡಬ್ಬಿಗೆ ಹೇಳುತ್ತಿದ್ದಳು. ಎರಡು ದಿನ ಅವನು ಕೇಳಿಸಿಕೊಂಡ. ಮೂರನೆಯ ಸಂಜೆ ಪುಸ್ತಕ ತಂದು ಎದುರು ಕೂತು, ಕೊನೆಯ ಅಧ್ಯಾಯ ಓದುತ್ತೇನೆ, ಕೇಳು ಎಂದ.

"ಕೇಳಾಗಿದೆ."

"ಇಲ್ಲ ಅಕ್ಕ. ನಾನು ಓದಿಯೇ ಇಲ್ಲ. ಆವತ್ತು ಓದಿದ್ದು ಗುರುತುಗಳನ್ನ."

ಓದತೊಡಗಿದ. ಮೊದಲ ಸಾಲಿನಲ್ಲೇ ಅಲ್ಪವಿರಾಮ ಎಂದುಬಿಟ್ಟ. ಅಕ್ಕನ ತುಟಿಯ ತುದಿ ಅಲುಗಿತು. ಮತ್ತೆ ಮೊದಲಿನಿಂದ ಶುರು ಮಾಡಿದ. ಎರಡನೆಯ ಸಾಲಿನ ಕೊನೆಯಲ್ಲಿ ಪೂರ್ಣವಿರಾಮ ಬಾಯಿಗೆ ಬಂದದ್ದನ್ನು ನುಂಗಿಕೊಂಡ, ನುಂಗಿದ ಕಡೆ ಕೆಮ್ಮು ಬಂತು. ಮೂವತ್ತು ವರ್ಷದ ಅಭ್ಯಾಸ ಒಂದು ಸಂಜೆಗೆ ಬಿಡುವುದಿಲ್ಲ. ಆದರೆ ಅರ್ಧ ಪುಟ ದಾಟಿದ ಮೇಲೆ ಧ್ವನಿ ತಾನಾಗಿಯೇ ದಾರಿ ಹಿಡಿಯಿತು. ಗುರುತು ಇದ್ದಲ್ಲಿ ಈಗ ಅವನು ಅದರ ಹೆಸರು ಹೇಳಲಿಲ್ಲ. ಸುಮ್ಮನೆ ನಿಂತ, ಅಷ್ಟೆ. ಕಾವಲುಗಾರ ದೀಪ ಹಚ್ಚಿದ. ಆಚೆ ತುದಿಯಲ್ಲಿ ಒಬ್ಬ ಬಂದು ನಿಂತ. ಅಕ್ಕನ ಬೆರಳುಗಳು ಗುಂಡಿಗಳ ನಡುವೆ ನಿಂತುಹೋದವು.

ಮುಗಿದ ಮೇಲೆ ಅವಳು ಕೇಳಿದಳು, "ದಾಟಿದ್ನಾ?"

"ಗೊತ್ತಿಲ್ಲ ಅಕ್ಕ."

"ಬರೆದೋನಿಗೇ ಗೊತ್ತಿಲ್ವಾ?"

"ನನಗೆ ಅಲ್ಲೀವರೆಗೆ ಮಾತ್ರ ತೋರಿಸ್ದ."

ಯಾರು ತೋರಿಸಿದ್ದು ಎಂದು ಅವಳು ಕೇಳಲಿಲ್ಲ. ಕಣ್ಣು ಒರೆಸಿಕೊಂಡು, ಹಾಗಾದರೆ ನಾನು ಇದನ್ನು ಹೇಗೆ ಮಾರಲಿ, ಬಾಯಿ ಕಟ್ಟಿಕೊಂಡು ಮಾರುವ ಸರಕು ನಾನು ಇಟ್ಟವಳಲ್ಲ ಎಂದು ಗೊಣಗಿ ಒಲೆಯ ಕಡೆ ಹೋದಳು.

ಉಳಿದಿದ್ದ ಪ್ರತಿಗಳನ್ನು ಮಾರುವಾಗ ಅವಳು ಹೊಸ ರೀತಿ ಹಿಡಿದಳು. ಪುಸ್ತಕ ಕೈಗೆತ್ತಿಕೊಂಡವರಿಗೆ, ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಆಡು ಇಲ್ಲ ಎನ್ನುತ್ತಿದ್ದಳು. ಆಡಿನ ಸುದ್ದಿಯೇ ತಿಳಿಯದವರು, ಇರಬೇಕಿತ್ತೇ ಎಂದು ಬೆರಗಾಗಿ ಒಂದು ಪ್ರತಿ ಕೊಳ್ಳುತ್ತಿದ್ದರು. ಕೆಲವರು ಹಿಂದಕ್ಕಿಟ್ಟು ಹೋಗುತ್ತಿದ್ದರು. ಮೊದಲಿನಷ್ಟು ಖರ್ಚಾಗಲಿಲ್ಲ. ತಮ್ಮ ಅದರ ಬಗ್ಗೆ ಏನೂ ಕೇಳಲಿಲ್ಲ. ಬೆಳಗಿನ ಜಾವ ಮತ್ತೆ ಕಿಟಕಿಯ ಕಡೆ ಕೂರತೊಡಗಿದ್ದ, ಪೆನ್ಸಿಲ್ ಮೊನೆ ಸವೆಯುತ್ತಿತ್ತು.

ಒಂದು ಮಧ್ಯಾಹ್ನ ಅವನು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದಾಗ ದಾದಿ ಬಂದರು. ಅಂದು ಆಡಿಗಾಗಿ ಬರೀ ಪುಟ ತಿರುವಿ ಹಾಕಿದ್ದ ಪ್ರತಿಯನ್ನು ಸಿಟ್ಟಿನಲ್ಲಿ ಓದದೆ ಇಟ್ಟಿದ್ದರಂತೆ. ಈಗ ಓದಿ, ಕೊನೆಯ ಎರಡು ಪುಟವನ್ನು ಅಂಗಡಿಯ ಎದುರೇ ನಿಂತು ಮುಗಿಸುತ್ತಿದ್ದರು. ಪರದೆಯ ಸಂದಿಯಿಂದ ಅವನಿಗೆ ಕಾಣುತ್ತಿತ್ತು. ತುತ್ತು ಕೈಯಲ್ಲೇ ಉಳಿಯಿತು. ದಾದಿ ಕೊನೆಯ ಸಾಲು ಓದಿದರು, ಹಾಳೆ ತಿರುಗಿಸಿದರು. ಆ ಬದಿ ಖಾಲಿ. ತಲೆ ಎತ್ತಿ ಅಕ್ಕನನ್ನು ನೋಡಿದರು.

"ಆಮೇಲೆ?"

ಅಕ್ಕ ಬಾಯಿ ತೆರೆದಳು. ಅವನಿಗೆ ಗೊತ್ತಿತ್ತು, ಅವಳ ನಾಲಿಗೆಯ ತುದಿಯಲ್ಲಿ ಆ ಕ್ಷಣಕ್ಕೆ ಒಂದಲ್ಲ, ನಾಲ್ಕು ಕಥೆ ಬಂದು ನಿಂತಿರುತ್ತವೆ. ಅಣ್ಣ ಓಡಿ ಹೋದ, ತಮ್ಮ ಓಡಿ ಬಂದ, ಸೇತುವೆಯೇ ಕುಸಿಯಿತು. ಅವಳು ಬಾಯಿ ಮುಚ್ಚಿದಳು. ಎದುರಿನ ಡಬ್ಬಿಯಿಂದ ಒಂದು ನೀಲಿ ಗುಂಡಿ ತೆಗೆದು ನೀಲಿಯ ಕಡೆ ಹಾಕಿದಳು, ಒಂದು ಕಪ್ಪು ತೆಗೆದು ಕಪ್ಪಿನ ಕಡೆ. ದಾದಿ ಕಾದರು. ಬೀದಿಯಲ್ಲಿ ಸೈಕಲ್ಲೊಂದು ಹೋಯಿತು. ಅಂಗಡಿಯಲ್ಲಿ ಗುಂಡಿ ಬೀಳುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ದಾದಿಯ ಮುಖ ನಿಧಾನವಾಗಿ ಬದಲಾಯಿತು. ಅವರು ಅಂಗಡಿಯನ್ನು ಬಿಟ್ಟು ಬೇರೆ ಯಾರನ್ನೋ, ಬೇರೆ ಯಾವ ತುದಿಯಲ್ಲೋ ನಿಂತವರನ್ನು ನೋಡುತ್ತಿರುವಂತಿತ್ತು. ಕೊನೆಗೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಬರ್ತೀನಮ್ಮ ಎಂದು ಮೆಲ್ಲಗೆ ಹೇಳಿ ಇಳಿದು ಹೋದರು.

ಅವರು ತಿರುವಿನಲ್ಲಿ ಮರೆಯಾಗುವವರೆಗೂ ಅಕ್ಕ ಕದಲಲಿಲ್ಲ. ಆಮೇಲೆ ಪರದೆ ಸರಿಸಿ ಒಳಗೆ ಬಂದಳು. ಎರಡೂ ಕೈಯಿಂದ ದವಡೆ ಒತ್ತಿಕೊಳ್ಳುತ್ತಿದ್ದಳು.

"ನೋಯ್ತಾ ಇದೆ ಕಣೋ," ಅಂದಳು. "ಇನ್ನೊಂದು ಪುಸ್ತಕ ಬರೆದ್ರೆ, ಇಷ್ಟು ಹೊತ್ತು ನನ್ನ ಬಾಯಿ ಮುಚ್ಚಿಸದ ಹಾಗೆ ಬರಿ."